ಮುಂಬಯಿಯಲ್ಲಿದ್ದು ಕನ್ನಡ ಓದಲು: ಹೊಸ ವರ್ಷದ ಸವಾಲು ಕಟ್ಟಿಕೊಳ್ಳುವ ಬಗೆ

ಡಿಸೆಂಬರಿನ ಕೊನೆಯ ವಾರ ‘ಬರುವ ವರ್ಷ 50 ಪುಸ್ತಕ’ ಎಂದು ಬರೆದಿಟ್ಟುಕೊಂಡವರಲ್ಲಿ ಬಹಳ ಮಂದಿ ಫೆಬ್ರವರಿ ಹೊತ್ತಿಗೆ ಆ ಮಾತನ್ನೇ ಎತ್ತುವುದಿಲ್ಲ. ಸೋಮಾರಿತನ ಎಂದು ತಮ್ಮನ್ನು ತಾವೇ ಬೈದುಕೊಂಡು ಸುಮ್ಮನಾಗುತ್ತಾರೆ. ಮುಂಬಯಿಯ ಕನ್ನಡ ಓದುಗರ ಮಟ್ಟಿಗೆ ಕಾರಣ ಹೆಚ್ಚಿನ ಸಲ ಅದಲ್ಲ. ಕೈಯಲ್ಲಿದ್ದ ಪುಸ್ತಕ ಮುಗಿದ ದಿನ ಮುಂದಿನದು ಮನೆಯಲ್ಲಿ ಇರುವುದಿಲ್ಲ, ಅಷ್ಟೆ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಇದ್ದವರು ಸಂಜೆ ಅಂಗಡಿಗೆ ಹೋಗಿ ಒಂದು ಕಾದಂಬರಿ ತಂದುಬಿಡಬಹುದು. ಇಲ್ಲಿ ತರಿಸಬೇಕು, ಕಾಯಬೇಕು. ಕಾಯುವ ಆ ವಾರ ಹತ್ತು ದಿನದಲ್ಲಿ ಲೋಕಲ್ ಹತ್ತಿದ ಕೂಡಲೇ ಕೈ ಮೊಬೈಲಿಗೆ ಹೋಗುವುದು ರೂಢಿಯಾಗುತ್ತದೆ, ಮತ್ತೆ ಪುಸ್ತಕಕ್ಕೆ ತಿರುಗುವುದು ಕಷ್ಟ.

ಹಾಗಾಗಿ ಇಲ್ಲಿ ಓದಿನ ಸವಾಲು ಎಂದರೆ ಅರ್ಧ ಪುಟಗಳ ಲೆಕ್ಕ, ಇನ್ನರ್ಧ ಪುಸ್ತಕಗಳ ದಾಸ್ತಾನು. ಎರಡನ್ನೂ ಜನವರಿ 1ಕ್ಕೆ ಮೊದಲೇ ಮಾಡಿಟ್ಟುಕೊಳ್ಳಬೇಕು.

ನಿಮ್ಮ ವೇಗ ಎಷ್ಟು?

ಬೇರೆಯವರ ಸಂಖ್ಯೆ ನೋಡಿ ನಿಮ್ಮ ಗುರಿ ಇಟ್ಟುಕೊಳ್ಳಬೇಡಿ. ಡಿಸೆಂಬರಿನಲ್ಲಿ ಮೂರು ದಿನ ತೆಗೆದುಕೊಂಡು ಅಳೆಯಿರಿ. ನೀವು ಮೊದಲು ಓದಿರದ, ಡೆಮಿ ಆಕಾರದ, ಅಂದರೆ ಕನ್ನಡ ಕಾದಂಬರಿಗಳು ಸಾಮಾನ್ಯವಾಗಿ ಬರುವ ಗಾತ್ರದ, ಒಂದು ಕಾದಂಬರಿ ಬೇಕು. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟು ಓದಿ, ಎಷ್ಟು ಪುಟವಾಯಿತು ಎಂದು ಬರೆದುಕೊಳ್ಳಿ. ಒಂದು ದಿನ ಬೆಳಿಗ್ಗೆ ಮನೆಯಲ್ಲಿ, ಒಂದು ದಿನ ಲೋಕಲಿನಲ್ಲಿ, ಒಂದು ದಿನ ರಾತ್ರಿ ಊಟವಾದ ಮೇಲೆ. ಮೂರರ ಸರಾಸರಿ ತೆಗೆಯಿರಿ. ರಾತ್ರಿಯ ಅಂಕಿ ಬೆಳಗಿನದಕ್ಕಿಂತ ಎಷ್ಟು ಕಡಿಮೆ ಎಂಬುದನ್ನೂ ಗಮನಿಸಿ. ಬಹಳ ಕಡಿಮೆ ಬಂದರೆ ‘ಮಲಗುವ ಮುನ್ನ ಓದುತ್ತೇನೆ’ ಎಂಬ ಯೋಜನೆಯನ್ನು ಈಗಲೇ ಕೈಬಿಡುವುದು ಒಳ್ಳೆಯದು.

ಕನ್ನಡದ ಡೆಮಿ ಪುಟದಲ್ಲಿ ಸುಮಾರು 30 ಸಾಲು, ಸಾಲಿಗೆ ಎಂಟು ಒಂಬತ್ತು ಪದ. ವಿಭಕ್ತಿ, ಸಮಾಸ ಎಲ್ಲ ಅಂಟಿಕೊಂಡೇ ಬರುವುದರಿಂದ ನಮ್ಮ ಪದಗಳು ಉದ್ದ. ಆದ್ದರಿಂದ ನಿಮಿಷಕ್ಕೆ ಇಷ್ಟು ಪದ ಎಂದು ಇಂಗ್ಲಿಷ್ ಓದಿಗೆ ಹೇಳುವ ಅಂಕಿಗಳನ್ನು ಕನ್ನಡಕ್ಕೆ ಹಚ್ಚಿ ನೋಡಿ ಬೇಸರಪಡಬೇಡಿ.

ಒಂದು ಲೆಕ್ಕ ನೋಡೋಣ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನಾ ಹೋಗಿಬರುವವರು ಎಂದಿಟ್ಟುಕೊಳ್ಳಿ. ಫಾಸ್ಟ್ ಲೋಕಲ್ ಹಿಡಿದರೂ ಒಂದು ಕಡೆಗೆ ಸುಮಾರು 70 ನಿಮಿಷ. ಅಂದರೆ ದಿನಕ್ಕೆ 140 ನಿಮಿಷ ಓದಬಹುದು ಎಂದು ಕಾಗದದ ಮೇಲೆ ಅನ್ನಿಸುತ್ತದೆ. ಆದರೆ ಬೆಳಗಿನ ಗರ್ದಿಯಲ್ಲಿ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಎದೆಗವಚಿಕೊಂಡ ಚೀಲದ ಮೇಲೆ. ಪುಸ್ತಕ ಬಿಡಿಸಲು ಜಾಗ ಸಿಗುವುದು ದಾದರ್ ದಾಟಿದ ಮೇಲೆ, ಹೆಚ್ಚೆಂದರೆ 10 ನಿಮಿಷ. ಸಂಜೆ ಗಾಡಿ ಸಿಎಸ್‌ಎಂಟಿಯಿಂದಲೇ ಹೊರಡುವುದರಿಂದ ಸೀಟು ಸಿಕ್ಕರೆ 30 ನಿಮಿಷ ಗಟ್ಟಿ. ಒಟ್ಟು 40. ವಾರಕ್ಕೆ ಐದು ದಿನ ಹಿಡಿದರೆ 200 ನಿಮಿಷ. 20 ನಿಮಿಷಕ್ಕೆ 10 ಪುಟ ನಿಮ್ಮ ವೇಗವಾದರೆ ವಾರಕ್ಕೆ 100 ಪುಟ.

ಇದನ್ನು 52ರಿಂದ ಗುಣಿಸಬೇಡಿ. ಊರಿಗೆ ಹೋಗುವ ಎರಡು ವಾರ, ಗಣೇಶ ಚೌತಿ, ನವರಾತ್ರಿ, ಮಕ್ಕಳ ಪರೀಕ್ಷೆ, ಮದುವೆ ಮುಂಜಿ, ಒಂದೆರಡು ಜ್ವರ, ಮಳೆಗೆ ಗಾಡಿ ನಿಂತ ದಿನಗಳು ಎಲ್ಲ ಕಳೆದು 42 ವಾರ ಹಿಡಿಯಿರಿ. 4,200 ಪುಟ. ಅದರಲ್ಲೂ ಕಾಲು ಭಾಗ ಬಿಟ್ಟುಬಿಡಿ; ಹೇಗೂ ಕೆಲವು ದಿನ ಕಿಟಕಿಯ ಹೊರಗೆ ನೋಡುತ್ತ ಕೂರಬೇಕು ಅನ್ನಿಸುತ್ತದೆ. ಉಳಿಯುವುದು 3,150. ಒಂದು ಪುಸ್ತಕಕ್ಕೆ ಸರಾಸರಿ 220 ಪುಟವಾದರೆ 14 ಪುಸ್ತಕ. ಇದು ಪ್ರಾಮಾಣಿಕ ಗುರಿ. 50 ಎಂದು ಬರೆದು 9ಕ್ಕೆ ನಿಲ್ಲುವುದಕ್ಕಿಂತ 14 ಎಂದು ಬರೆದು 17 ಓದಿದವರು ಮರುವರ್ಷವೂ ಓದುತ್ತಾರೆ.

ಪುಸ್ತಕ ಎಣಿಸಬೇಡಿ, ಪುಟ ಎಣಿಸಿ

ಪುಸ್ತಕಗಳ ಸಂಖ್ಯೆಯ ಗುರಿ ಓದುಗರನ್ನು ತೆಳು ಪುಸ್ತಕದ ಕಡೆಗೆ ತಳ್ಳುತ್ತದೆ. 600 ಪುಟದ ಕಾದಂಬರಿಗೂ ಒಂದೇ ಅಂಕ, 72 ಪುಟದ ಪ್ರಬಂಧ ಸಂಕಲನಕ್ಕೂ ಒಂದೇ ಅಂಕ ಎಂದಾದರೆ ದೊಡ್ಡದನ್ನು ಯಾರು ಮುಟ್ಟುತ್ತಾರೆ? ಅಕ್ಟೋಬರ್ ನಂತರ ಹಿಂದೆ ಬಿದ್ದವರ ಪಟ್ಟಿಯಲ್ಲಿ ಬರೀ ಸಣ್ಣ ಪುಸ್ತಕಗಳೇ ಕಾಣುವುದು ಇದೇ ಕಾರಣಕ್ಕೆ. ಪುಟದ ಲೆಕ್ಕದಲ್ಲಿ ಈ ತೊಂದರೆ ಇಲ್ಲ.

ಆದರೆ ಪುಟಕ್ಕೂ ಒಂದು ತಿದ್ದುಪಡಿ ಬೇಕು. ಕವನದ ಪುಟವನ್ನು ಗದ್ಯದ ಹಾಗೆ ಓಡಿಸಲಾಗುವುದಿಲ್ಲ. ಒಂದು ಪುಟವನ್ನು ಎರಡೆಂದು ಹಿಡಿಯಿರಿ. ಹಳಗನ್ನಡ, ನಡುಗನ್ನಡಕ್ಕೆ ಟಿಪ್ಪಣಿ ನೋಡಿಕೊಂಡು ಓದಬೇಕಾಗುವುದರಿಂದ ನಾಲ್ಕು ಎಂದು ಹಿಡಿದರೂ ತಪ್ಪಿಲ್ಲ. ನಾಟಕ ಇದ್ದ ಹಾಗೇ ಇರಲಿ.

ಯಾವುದು ಲೆಕ್ಕಕ್ಕೆ ಸೇರುತ್ತದೆ, ಯಾವುದು ಇಲ್ಲ ಎಂದು ಡಿಸೆಂಬರ್ 31ರೊಳಗೆ ಬರೆದಿಟ್ಟುಬಿಡಿ. ನಡುವರ್ಷದಲ್ಲಿ ನಿಯಮ ಬದಲಿಸಿದರೆ ಸವಾಲಿನ ಮೇಲೆ ನಿಮಗೇ ನಂಬಿಕೆ ಹೋಗುತ್ತದೆ. ಮರುಓದು ಸೇರಲಿ, ಇಪ್ಪತ್ತರ ವಯಸ್ಸಿನಲ್ಲಿ ಓದಿದ್ದು ಐವತ್ತರಲ್ಲಿ ಬೇರೆಯೇ ಪುಸ್ತಕ. ಕೇಳುವ ಪುಸ್ತಕಕ್ಕೆ ಒಂದು ಗಂಟೆಗೆ 25 ಪುಟ ಎಂದೋ 30 ಪುಟ ಎಂದೋ ಒಂದೇ ದರ ನಿಗದಿ ಮಾಡಿ. ದೀಪಾವಳಿ ವಿಶೇಷಾಂಕಗಳ ಬಗ್ಗೆ ಒಂದು ಮಾತು: ಮಹಾರಾಷ್ಟ್ರದಲ್ಲಿದ್ದು ಅವನ್ನು ಬಿಡುವುದು ಸಾಧ್ಯವಿಲ್ಲ. ಮರಾಠಿಯಲ್ಲಿ ದಿವಾಳಿ ಅಂಕದ ಪರಂಪರೆ 1909ರಲ್ಲಿ ‘ಮನೋರಂಜನ’ ಮಾಸಿಕದಿಂದ ಶುರುವಾದದ್ದು, ಆ ಹಬ್ಬದ ತಿಂಗಳಲ್ಲಿ ಪಕ್ಕದ ಮನೆಯವರ ಟೀಪಾಯಿಯ ಮೇಲೂ ಒಂದೆರಡು ಇರುತ್ತವೆ. ಕನ್ನಡದ್ದಾಗಲಿ ಮರಾಠಿಯದ್ದಾಗಲಿ, ಕಥೆ, ಲೇಖನ ಓದಿದಷ್ಟು ಪುಟ ಸೇರಿಸಿ; ಜಾಹೀರಾತಿನ ಪುಟ ಕಳೆಯಿರಿ.

ಸವಾಲಿನ ಆಕಾರ

ಬರೀ ಪುಟದ ಮೊತ್ತ ಕೆಲವರಿಗೆ ಸಾಕು. ಇನ್ನು ಕೆಲವರಿಗೆ ಚೌಕದ ಮನೆಗಳನ್ನು ಒಂದೊಂದಾಗಿ ತುಂಬುವ ಆಟ ಬೇಕು, ಪಟ್ಟಿ ಬೇಕು. ಒಂದೊಂದು ಅಕ್ಷರದಿಂದ ಶುರುವಾಗುವ ಹೆಸರಿನ ಒಂದೊಂದು ಪುಸ್ತಕ ಓದುವ ಇಂಗ್ಲಿಷಿನ ಎ ಟು ಝಡ್ ಸವಾಲನ್ನು ನಮ್ಮ ವರ್ಣಮಾಲೆಗೆ ತರಲು ಹೋದವರು ಎಡವುವುದು ಒಂದೇ ಜಾಗದಲ್ಲಿ. ನಮ್ಮಲ್ಲಿ 49 ಅಕ್ಷರ. ಅದರಲ್ಲಿ ಙ, ಞ, ಣ, ಳ ಇವುಗಳಿಂದ ಶುರುವಾಗುವ ಶೀರ್ಷಿಕೆ ಹುಡುಕುವುದು ವ್ಯರ್ಥ, ಅನುಸ್ವಾರ ವಿಸರ್ಗಗಳಿಂದ ಪದವೇ ಶುರುವಾಗುವುದಿಲ್ಲ. ಝ, ಢ, ಠ, ಛ ಸಿಗುತ್ತವೆ, ಆದರೆ ಹುಡುಕುವುದರಲ್ಲೇ ತಿಂಗಳು ಹೋಗುತ್ತದೆ.

ಕೆಲಸಕ್ಕೆ ಬರುವ ಹಂಚಿಕೆ ಹೀಗಿದೆ. ಸ್ವರಗಳಿಗೆ ಐದು ಮನೆ: ಅ‑ಆ, ಇ‑ಈ, ಉ‑ಊ, ಎ‑ಏ‑ಐ, ಒ‑ಓ‑ಔ. ವ್ಯಂಜನಗಳಿಗೆ ಹದಿನೆಂಟು: ಕ‑ಖ, ಗ‑ಘ, ಚ‑ಛ, ಜ‑ಝ, ಇಡೀ ಟ ವರ್ಗಕ್ಕೆ ಒಂದು, ತ‑ಥ, ದ‑ಧ, ನ, ಪ‑ಫ, ಬ‑ಭ, ಮ, ಯ, ರ, ಲ, ವ, ಶ‑ಷ, ಸ, ಹ. ಋ ರಕಾರದ ಮನೆಗೆ ಸೇರಲಿ. ಒಟ್ಟು 23. ಇದಕ್ಕೊಂದು ಖಾಲಿ ಮನೆ, ನಿಮಗೆ ಇಷ್ಟ ಬಂದದ್ದಕ್ಕೆ, ಸೇರಿಸಿದರೆ 24, ತಿಂಗಳಿಗೆ ಎರಡು. ನಿಮ್ಮ ಲೆಕ್ಕ 14ಕ್ಕೆ ಬಂದಿದ್ದರೆ ಎರಡು ವರ್ಷದ ಸವಾಲೆಂದು ಮಾಡಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಕಷ್ಟದ ಮನೆಗಳನ್ನು, ಅಂದರೆ ಟ ವರ್ಗ, ಯ, ಲ, ಇವನ್ನು ಮಾರ್ಚಿನೊಳಗೆ ತುಂಬಿಸಿ. ಕ, ಮ, ಸ, ಹ ಯಾವಾಗ ಬೇಕಾದರೂ ಸಿಗುತ್ತವೆ.

ಎಂಟು ತಿಂಗಳ ಸವಾಲೂ ಒಂದಿದೆ: ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯ ಒಂದೊಂದು ಪುಸ್ತಕ. ಕುವೆಂಪು ಅವರ 1967ರ ಪ್ರಶಸ್ತಿಯಿಂದ ಚಂದ್ರಶೇಖರ ಕಂಬಾರರ 2010ರದ್ದರವರೆಗೆ. ಇದರ ಒಳ್ಳೆಯ ಗುಣವೆಂದರೆ ಒಂದೇ ಪ್ರಕಾರದಲ್ಲಿ ಸಿಕ್ಕಿಬೀಳುವುದಿಲ್ಲ. ಕಾವ್ಯ, ನಾಟಕ, ಸಣ್ಣಕಥೆ, ವಿಮರ್ಶೆ ಎಲ್ಲ ತಾನಾಗಿ ಬರುತ್ತವೆ. ಪುಸ್ತಕಗಳೂ ಸುಲಭವಾಗಿ ಸಿಗುತ್ತವೆ. ಮೊದಲ ಸಲ ಸವಾಲು ತೆಗೆದುಕೊಳ್ಳುವವರಿಗೆ ನಮ್ಮ ಮೊದಲ ಸಲಹೆ ಇದೇ.

ದಿನಕ್ಕೆ ಐದೇ ನಿಮಿಷ ಸಿಗುವವರಿಗೆ ಮಂಕುತಿಮ್ಮನ ಕಗ್ಗ ಹೇಳಿ ಮಾಡಿಸಿದಂತಿದೆ. 945 ಮುಕ್ತಕ. ದಿನಕ್ಕೆ ಮೂರರಂತೆ 315 ದಿನ, ತಪ್ಪಿದ ದಿನಗಳಿಗೆಂದು 50 ದಿನ ಮಿಗುತ್ತವೆ. ಗಟ್ಟಿಯಾಗಿ ಎರಡು ಸಲ ಓದಿ, ಒಮ್ಮೆ ಪದ ಬಿಡಿಸಿ, ಒಮ್ಮೆ ಲಯಕ್ಕೆ. ಒಂದು ದಿನ ತಪ್ಪಿದರೆ ಮರುದಿನ ಆರು ಓದಿ ಸರಿಮಾಡಲು ಹೋಗಬೇಡಿ, ಆ 50 ದಿನ ಇರುವುದೇ ಅದಕ್ಕೆ.

ಇನ್ನು ಮುಂಬಯಿಯಲ್ಲಿದ್ದು ಮುಂಬಯಿಯ ಕನ್ನಡ ಓದದಿದ್ದರೆ ಹೇಗೆ? ಯಾವ ಸವಾಲಾದರೂ ಸರಿ, ಕನಿಷ್ಠ ಎರಡು ಮನೆ ಇದಕ್ಕೆ ಮೀಸಲಿಡಿ. 1979ರಲ್ಲಿ ಬಂದ ಯಶವಂತ ಚಿತ್ತಾಲರ ‘ಶಿಕಾರಿ’, 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು, ಇವು ಈ ಊರಲ್ಲಿದ್ದು ಬರೆದವರ ಪುಸ್ತಕಗಳು. ದಿನಾ ಇಳಿಯುವ ಸ್ಟೇಷನ್ನಿನ ಹೆಸರು ಕನ್ನಡ ವಾಕ್ಯದೊಳಗೆ ಕಂಡಾಗ ಆಗುವ ಖುಷಿಗೆ ಬೇರೆ ಊರಿನ ಓದುಗರು ಪಾಲುದಾರರಲ್ಲ.

ಮನೆಯಲ್ಲಿ ಒಬ್ಬರು ಕನ್ನಡ, ಒಬ್ಬರು ಮರಾಠಿ ಓದುವವರಿದ್ದರೆ ಜೋಡಿ ಓದು ಇಟ್ಟುಕೊಳ್ಳಿ. ಶಿವರಾಮ ಕಾರಂತ, ಎಸ್.ಎಲ್. ಭೈರಪ್ಪ ಇವರ ಕಾದಂಬರಿಗಳು ಉಮಾ ಕುಲಕರ್ಣಿಯವರ ಅನುವಾದದಲ್ಲಿ ಮರಾಠಿಯಲ್ಲಿವೆ. ಒಂದೇ ತಿಂಗಳು ಇಬ್ಬರೂ ಒಂದೇ ಕಾದಂಬರಿ, ಅವರವರ ಭಾಷೆಯಲ್ಲಿ. ಪುಟಸಂಖ್ಯೆ ಎರಡು ಭಾಷೆಯಲ್ಲಿ ಹೊಂದುವುದಿಲ್ಲ, ಆದ್ದರಿಂದ ಅಧ್ಯಾಯದ ಲೆಕ್ಕದಲ್ಲಿ ಮುಂದುವರಿಯಿರಿ.

ದಾಸ್ತಾನು

ನಿಯಮ ಒಂದೇ: ಓದುತ್ತಿರುವುದರ ಜೊತೆ ಇನ್ನೂ ಎರಡು ಓದದ ಪುಸ್ತಕ ಯಾವಾಗಲೂ ಮನೆಯಲ್ಲಿರಬೇಕು. ಎರಡು ಒಂದಕ್ಕೆ ಇಳಿದ ದಿನವೇ ತರಿಸಿ.

ಎರಡು ಏಕೆ? ಒಂದು ಹಿಡಿಸದೆ ಹೋಗಬಹುದು. ಒಂದು ಗಂಭೀರ, ಒಂದು ಹಗುರ ಇದ್ದರೆ ಇನ್ನೂ ಒಳ್ಳೆಯದು.

ಸಂಘಗಳಿಂದ ಶುರು ಮಾಡಿ. ಮಾಟುಂಗಾ ಪೂರ್ವದ ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್, ಮಾಟುಂಗಾ ಪಶ್ಚಿಮದ ಕರ್ನಾಟಕ ಸಂಘ, ಇವಲ್ಲದೆ ಉಪನಗರಗಳ ಕನ್ನಡ ಸಂಘಗಳು. ಹೋಗುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ: ಪುಸ್ತಕ ಮನೆಗೆ ಕೊಡುತ್ತಾರೆಯೇ, ಯಾವ ದಿನ ಯಾವ ಹೊತ್ತು ಕಪಾಟು ತೆರೆದಿರುತ್ತದೆ, ಠೇವಣಿ ಎಷ್ಟು. ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಇಂಥ ಕಡೆ ಮುಖ್ಯ ಪ್ರಶ್ನೆ. ಸಂಘಗಳ ಕಪಾಟಿನಲ್ಲಿ ಅರವತ್ತು ಎಪ್ಪತ್ತರ ದಶಕದ, ಮರುಮುದ್ರಣ ಕಾಣದ ಪುಸ್ತಕಗಳು ಇರುವ ಸಾಧ್ಯತೆ ಹೆಚ್ಚು, ಅಂಗಡಿಯಲ್ಲಿ ಇವು ಸಿಗವು. ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಇಲ್ಲಿನ ಲೇಖಕರ ಬಗ್ಗೆ ವಿಭಾಗ ಪ್ರಕಟಿಸಿದ ಪುಸ್ತಕಗಳನ್ನು ಅಲ್ಲಿಯೇ ವಿಚಾರಿಸಿ. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತ್ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ಪಠ್ಯಪುಸ್ತಕ ಮತ್ತು ಇಂಗ್ಲಿಷ್ ಕಾದಂಬರಿ, ಕನ್ನಡದ ಆಸೆಯಿಂದ ಅಲ್ಲಿಗೇ ಎಂದು ಹೋಗಬೇಡಿ. ಕನ್ನಡಿಗರು ಹೆಚ್ಚಿರುವ ಬಡಾವಣೆಯ ರದ್ದಿ ಅಂಗಡಿಯವರಿಗೆ ಮಾತ್ರ ಹೇಳಿಟ್ಟಿರಿ. ಹಿರಿಯರು ತೀರಿಕೊಂಡ ಮೇಲೆ ಕನ್ನಡ ಓದಲು ಬಾರದ ಮಕ್ಕಳು ಇಡೀ ಕಪಾಟನ್ನು ಕಿಲೋ ಲೆಕ್ಕದಲ್ಲಿ ಹಾಕಿಬಿಡುವುದುಂಟು. ಆ ಪುಸ್ತಕಗಳು ಪೊಟ್ಟಣವಾಗುವ ಮುಂಚೆ ನಿಮ್ಮ ಕೈ ಸೇರಲಿ.

ತರಿಸುವುದಾದರೆ ನಾಲ್ಕೈದು ಪುಸ್ತಕ ಒಟ್ಟಿಗೆ ತರಿಸಿ, ಒಂದೊಂದಕ್ಕೂ ಅಂಚೆ ಖರ್ಚು ತೆರಬೇಡಿ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತದೆ, ಕನ್ನಡ ಪುಸ್ತಕ ಪ್ರಾಧಿಕಾರವೂ ಕೊಡುತ್ತದೆ. ಹೊಸ ವರ್ಷದ ಪಟ್ಟಿಯನ್ನು ಅಕ್ಟೋಬರಿನಲ್ಲೇ ಮಾಡಿದರೆ ಅದರ ಲಾಭ ಸಿಗುತ್ತದೆ. ಪುಣೆಯ, ಗೋವೆಯ ಸ್ನೇಹಿತರೊಡನೆ ಪುಸ್ತಕ ಅದಲು ಬದಲು ಮಾಡುವವರಿಗೆ ಅಂಚೆ ಇಲಾಖೆಯ ‘ಜ್ಞಾನ ಪೋಸ್ಟ್’ ಅನುಕೂಲ. 2025ರ ಮೇ 1ರಿಂದ ಶುರುವಾದ ಈ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ, ಎಂದು ದರ ಇಟ್ಟಿದ್ದರು. ಕಳಿಸುವ ದಿನ ಕೌಂಟರಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು, ಜಾಹೀರಾತು ತುಂಬಿದ ನಿಯತಕಾಲಿಕ ನಡೆಯುವುದಿಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ರೈಲು ಮತ್ಸ್ಯಗಂಧವಿರಲಿ ಉದ್ಯಾನ್ ಇರಲಿ, ಮಡಚಿದ ಒಂದು ಗಟ್ಟಿ ಬಟ್ಟೆ ಚೀಲ ಪೆಟ್ಟಿಗೆಯ ತಳದಲ್ಲಿಡಿ. ವಾಪಸು ಬರುವಾಗ ಹಲಸಿನ ಹಪ್ಪಳದ ಜೊತೆ ಆರು ಪುಸ್ತಕಕ್ಕೆ ಜಾಗ ಬೇಕು. ಆರು ಸಾಮಾನ್ಯ ಗಾತ್ರದವು ಎರಡು ಎರಡೂವರೆ ಕಿಲೋ ತೂಗುತ್ತವೆ. ಆ ಆರು, ಮಳೆಗಾಲ ಪೂರ್ತಿ ಸಾಕು.

ಕಾಸಿಲ್ಲದೆ ಓದಲು ದಾರಿಯಿದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷದವರೆಗೆ ಹಕ್ಕುಸ್ವಾಮ್ಯ. ಹಾಗಾಗಿ ಪ್ರತಿ ಜನವರಿ 1ಕ್ಕೆ ಒಂದಷ್ಟು ಲೇಖಕರ ಬರಹ ಎಲ್ಲರದ್ದಾಗುತ್ತದೆ. ಮಂಜೇಶ್ವರ ಗೋವಿಂದ ಪೈ 1963ರಲ್ಲಿ ತೀರಿಕೊಂಡವರು, ಅವರ ಬರಹ 2024ರ ಜನವರಿಗೆ ಬಿಡುಗಡೆಯಾಯಿತು. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರದ್ದು 2025ಕ್ಕೆ. ಇಂಥವನ್ನು ಕನ್ನಡ ವಿಕಿಸೋರ್ಸ್‌ನಲ್ಲಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಈಗಿನ ಲೇಖಕರ ಇ‑ಪುಸ್ತಕ, ಕೇಳುವ ಪುಸ್ತಕಗಳಿಗೆ ಮೈಲ್ಯಾಂಗ್, ಋತುಮಾನ ಆ್ಯಪ್‌ಗಳಿವೆ. ಲೋಕಲಿಗೆ ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಇಳಿಸಿಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಹೊಸ ಪುಸ್ತಕಗಳ ಪಿಡಿಎಫ್ ಮುಟ್ಟಬೇಡಿ. ಸಾವಿರ ಪ್ರತಿ ಮಾರಿದರೆ ಹೆಚ್ಚೆನ್ನುವ ಭಾಷೆಯಲ್ಲಿ ಒಂದೊಂದು ಪ್ರತಿಯೂ ಪ್ರಕಾಶಕರಿಗೆ ಬೇಕು.

ಚೀಲದ ಪುಸ್ತಕ, ಮನೆಯ ಪುಸ್ತಕ

300 ಪುಟದ ಡೆಮಿ ಪೇಪರ್‌ಬ್ಯಾಕ್ ಹೆಚ್ಚುಕಡಿಮೆ 350 ಗ್ರಾಂ. ನಿಂತು ಒಂದೇ ಕೈಯಲ್ಲಿ ಹಿಡಿಯಲು ಇದೇ ಮಿತಿ. 800 ಪುಟದ ಕಾದಂಬರಿಯನ್ನು ಘಾಟ್ಕೋಪರಿನಿಂದ ಥಾಣೆಯವರೆಗೆ ಹಿಡಿದು ನಿಂತರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಬೆನ್ನು ಮುರಿದ ಪುಸ್ತಕದ ಹಾಳೆ ಕಳಚುತ್ತದೆ. ದೊಡ್ಡದು ಮನೆಯಲ್ಲಿರಲಿ, ಭಾನುವಾರಕ್ಕೆ. ಚೀಲಕ್ಕೆ ಕಥಾಸಂಕಲನ, ಪ್ರಬಂಧ, ನಾಟಕ. 10–12 ಪುಟದ ಕಥೆ ದಾದರಿನಲ್ಲಿ ಶುರುವಾದರೆ ಕುರ್ಲಾ ದಾಟಿ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಮುಗಿದ ತೃಪ್ತಿಯೊಡನೆ ಇಳಿಯಬಹುದು. ಕಾದಂಬರಿಯಾದರೆ ದೃಶ್ಯದ ನಡುವೆ ಮುಚ್ಚಬೇಕು, ಮರುದಿನ ಎರಡು ಪುಟ ಹಿಂದಿನಿಂದ ಓದಬೇಕು. ಈ ಎರಡೆರಡು ಪುಟವೇ ವರ್ಷಕ್ಕೆ ನೂರಾರು.

ಹೆಬ್ಬೆರಳು ಪುಟಗಳ ನಡುವೆ, ಉಳಿದ ಬೆರಳು ರಟ್ಟಿನ ಹಿಂದೆ, ಹೀಗೆ ಹಿಡಿದರೆ ಒಂದೇ ಕೈಯಲ್ಲಿ ಓದಬಹುದು. ಪುಟ ತಿರುಗಿಸುವುದನ್ನು ಗಾಡಿ ಸ್ಟೇಷನ್ನಿನಲ್ಲಿ ನಿಂತಾಗ ಇಟ್ಟುಕೊಳ್ಳಬೇಡಿ, ಹತ್ತುವವರ ಮೊಣಕೈ ಬೀಳುವುದು ಆಗಲೇ. ಬಾಗಿಲ ಬಳಿ ನಿಂತು ಓದಲೇಬೇಡಿ. ಗುರುತಿಗೆ ಹಳೇ ಟಿಕೆಟ್ ಸಾಕು. ಪೆನ್ನು ಸಿಕ್ಕಿಸಿಟ್ಟರೆ ಬೆನ್ನು ಬಿರಿಯುತ್ತದೆ.

ಕನ್ನಡ ಮಾತು ಬರುತ್ತದೆ, ಓದು ನಿಧಾನ ಎನ್ನುವವರಿಗೆ

ಇಲ್ಲೇ ಹುಟ್ಟಿ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಕಲಿತವರು 20 ನಿಮಿಷಕ್ಕೆ ಎರಡು ಮೂರು ಪುಟ ಓದಿದರೆ ನಾಚಿಕೊಳ್ಳುವುದು ಬೇಡ. ಇವರಿಗೆ ಪುಟದ ಗುರಿಯೂ ಬೇಡ, ನಿಮಿಷದ ಗುರಿ ಇರಲಿ: ದಿನಕ್ಕೆ 15 ನಿಮಿಷ, ಮೊದಲ ಮೂರು ವಾರ ಗಟ್ಟಿಯಾಗಿ. ಕಣ್ಣಿಗೆ ಗೊತ್ತಿಲ್ಲದ ಪದ ಕಿವಿಗೆ ಗೊತ್ತಿರುತ್ತದೆ. ಉಚ್ಚರಿಸಿದ ಕೂಡಲೇ ‘ಓ, ಅಜ್ಜಿ ಅನ್ನುತ್ತಿದ್ದುದು ಇದೇ’ ಎಂದು ಹೊಳೆಯುತ್ತದೆ.

ಎಲ್ಲಿ ತಡೆಯುತ್ತದೆ ಎಂದು ಹತ್ತಿರದಿಂದ ನೋಡಿ. ‘ಧರ್ಮ’ ಪದದಲ್ಲಿ ಅರ್ಕಾವತ್ತು, ಅಂದರೆ ‘ರ್’ ಸದ್ದಿನ ಚಿಹ್ನೆ, ಮಕಾರದ ನಂತರ ಬರೆಯಲ್ಪಟ್ಟಿದೆ, ಆದರೆ ಉಚ್ಚಾರದಲ್ಲಿ ಮಕಾರಕ್ಕಿಂತ ಮೊದಲು. ಹೊಸ ಓದುಗರ ಕಣ್ಣು ‘ಧಮ’ವರೆಗೆ ಹೋಗಿ, ಚಿಹ್ನೆ ಕಂಡು, ಮತ್ತೆ ಹಿಂದೆ ಬರುತ್ತದೆ. ಒಂದು ಸಾಲಿನಲ್ಲಿ ಇಂಥ ಮೂರು ಪದವಿದ್ದರೆ ಓದಿನ ಓಟವೇ ನಿಂತಂತೆ. ಸೂರ್ಯ, ಕಾರ್ಯ, ವರ್ಷ, ಮಾರ್ಗ, ಅರ್ಧ, ಕರ್ಣ, ಹೀಗೆ ಇಪ್ಪತ್ತು ಪದ ಚೀಟಿಯಲ್ಲಿ ಬರೆದು ಒಂದು ವಾರ ಇಡಿಯಾಗಿ, ಅಕ್ಷರ ಬಿಡಿಸದೆ, ಓದಿ ಅಭ್ಯಾಸ ಮಾಡಿದರೆ ಈ ತಡೆ ಬಹುಪಾಲು ಹೋಗುತ್ತದೆ. ಹಾಗೆಯೇ ಮ‑ವ, ಪ‑ಷ, ಥ‑ಧ‑ದ ಜೋಡಿಗಳು. ಪುಸ್ತಕ ಆರಿಸುವಾಗ ಅಕ್ಷರದ ಗಾತ್ರ ನೋಡಿ. ಒತ್ತಕ್ಷರ ಕೆಳಸಾಲಿಗೆ ತಾಗುವಷ್ಟು ಇಕ್ಕಟ್ಟಾಗಿ ಮುದ್ರಿಸಿದ್ದು ಬೇಡ. ಸಂಭಾಷಣೆ ಹೆಚ್ಚಿರುವ ಕಥೆ, ನಾಟಕಗಳಿಂದ ಶುರು ಮಾಡಿ.

ಬರೆದಿಡುವುದು

ಓದಿನ ಲೆಕ್ಕ ಇಡಲು ಆ್ಯಪ್‌ಗಳಿವೆ: ಗುಡ್‌ರೀಡ್ಸ್‌ನಲ್ಲಿ ವಾರ್ಷಿಕ ಗುರಿ ಇಟ್ಟು ನಡುವೆ ಬದಲಿಸಲೂ ಬಹುದು, ಸ್ಟೋರಿಗ್ರಾಫ್‌ನಲ್ಲಿ ಪುಟ ಮತ್ತು ಗಂಟೆಯ ಗುರಿಗೂ ಅವಕಾಶವಿದೆ. ಕನ್ನಡ ಪುಸ್ತಕಗಳಿಗೆ ತೊಂದರೆ ಬರುವುದು ಹುಡುಕುವಾಗ: ಒಂದೇ ಶೀರ್ಷಿಕೆಯನ್ನು ಒಬ್ಬರು ಕನ್ನಡ ಲಿಪಿಯಲ್ಲಿ, ಇನ್ನೊಬ್ಬರು ರೋಮನ್ ಲಿಪಿಯಲ್ಲಿ ತೋಚಿದ ಹಾಗೆ ಸೇರಿಸಿರುತ್ತಾರೆ. ಹಿಂಬದಿಯ ರಟ್ಟಿನಲ್ಲಿರುವ 13 ಅಂಕಿಯ ಐಎಸ್‌ಬಿಎನ್ ಹಾಕಿ ಹುಡುಕಿ. ಹಳೇ ಮುದ್ರಣಕ್ಕೆ ಅದು ಇರುವುದೇ ಇಲ್ಲ, ನೀವೇ ಸೇರಿಸಬೇಕು.

ನಮ್ಮ ಒಲವು ನೋಟ್‌ಬುಕ್ಕಿನ ಕಡೆಗೆ. 100 ಹಾಳೆಯ ಒಂದು ಸಾಕು. ಪುಸ್ತಕದ ಹೆಸರು, ಪುಟ, ಶುರುವಾದ ದಿನ, ಮುಗಿದ ದಿನ, ಎಲ್ಲಿಂದ ಬಂತು, ಕೊನೆಗೆ ಒಂದು ಸಾಲು. ‘ಚೆನ್ನಾಗಿದೆ’ ಎಂದಲ್ಲ, ನೆನಪಿನಲ್ಲಿ ಉಳಿದ ಒಂದು ದೃಶ್ಯ, ಒಂದು ಪದ. ‘ಎಲ್ಲಿಂದ ಬಂತು’ ಕಲಂ ಬಿಡಬೇಡಿ, ಸಂಘದ ಪುಸ್ತಕ ಎರಡು ವರ್ಷ ನಿಮ್ಮ ಮನೆಯಲ್ಲೇ ಉಳಿದುಹೋಗುವುದು ಅದು ಖಾಲಿ ಇದ್ದಾಗ. ಬಿಟ್ಟ ಪುಸ್ತಕಕ್ಕೂ ಒಂದು ಪುಟ ಇರಲಿ. 50 ಪುಟ ಓದಿಯೂ ಹಿಡಿಯದಿದ್ದರೆ ಬಿಡಿ, ಆ 50 ಪುಟ ಲೆಕ್ಕಕ್ಕೆ ಸೇರಿಸಿ. ಒಂದೇ ಪುಸ್ತಕದಲ್ಲಿ ಮೂರು ವಾರ ಕಾಲು ಹೂತವರ ಸವಾಲು ಅಲ್ಲೇ ಮುಗಿಯುತ್ತದೆ. ಬಿಡಲು ಅನುಮತಿ ಇಲ್ಲ ಎಂದುಕೊಂಡು ಬೇರೆಯದನ್ನೂ ಹಿಡಿಯುವುದಿಲ್ಲ.

ತಿಂಗಳ ಲೆಕ್ಕ ಸಮನಾಗಿ ಹಂಚಬೇಡಿ. ರಜೆಯ ಹುರುಪಿನಲ್ಲಿ ಜನವರಿಯಲ್ಲಿ 600 ಪುಟ ಆಗಬಹುದು, ಅದನ್ನೇ ಫೆಬ್ರವರಿಗೂ ನಿರೀಕ್ಷಿಸಿದರೆ ನಿರಾಶೆ ಖಂಡಿತ. ಹತ್ತನೆಯ, ಹನ್ನೆರಡನೆಯ ತರಗತಿಯ ಮಕ್ಕಳಿರುವ ಮನೆಗೆ ಫೆಬ್ರವರಿ, ಮಾರ್ಚ್ ಹೇಗೂ ಇಲ್ಲ. ಏಪ್ರಿಲ್, ಮೇ, ಮಳೆಯ ಭಾನುವಾರಗಳು, ನವೆಂಬರ್, ಇವು ತುಂಬುವ ಕಾಲ. ಜೂನ್ 30ಕ್ಕೆ ಒಮ್ಮೆ ನಿಂತು ನೋಡಿ. ಗುರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಿದ್ದರೆ ಗುರಿಯನ್ನೇ ಇಳಿಸಿ, ಬಿಡಬೇಡಿ.

ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದ ಪುಸ್ತಕ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲೇ ಇರಲಿ, ಕೊಡೆಯನ್ನು ಅದರ ಜೊತೆ ಒಂದೇ ಅರೆಯಲ್ಲಿ ತುರುಕಬೇಡಿ. ಮನೆಯಲ್ಲಿ ಕಪಾಟು ಹೊರಗೋಡೆಗೆ ಅಂಟಿದ್ದರೆ ಎರಡಿಂಚು ಮುಂದಕ್ಕೆ ಎಳೆಯಿರಿ. ನೆನೆದ ಗೋಡೆಯ ತೇವವೇ ಬೂಷ್ಟಿಗೆ ಕಾರಣ. ಪುಸ್ತಕಗಳ ನಡುವೆ ಗಾಳಿಯಾಡುವಷ್ಟು ಸಡಿಲವಿರಲಿ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಷ್ಟಿಗಲ್ಲ.

ನೆನೆದರೆ ಬಿಸಿಲಿಗೆ ಇಡಬೇಡಿ, ಇಸ್ತ್ರಿ ಹಾಕಬೇಡಿ, ಹಾಳೆ ಸೊಟ್ಟಗಾಗಿ ನಿಲ್ಲುತ್ತವೆ. 20 ಪುಟಕ್ಕೊಂದರಂತೆ ಟಿಶ್ಯೂ ಕಾಗದ ಇಟ್ಟು ಫ್ಯಾನಿನ ಕೆಳಗಿಡಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ. ಮುಕ್ಕಾಲು ಒಣಗಿದ ಮೇಲೆ ಭಾರ ಹೇರಿ. ಆಗಲೇ ಒಣಗಿಸಲು ಪುರಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ; ಎರಡು ದಿನದೊಳಗೆ ಹಬ್ಬುವ ಬೂಷ್ಟು ಅಲ್ಲಿ ಹಬ್ಬುವುದಿಲ್ಲ, ಭಾನುವಾರ ತೆಗೆದು ಒಣಗಿಸಬಹುದು.

ಜೊತೆಗೂಡಿ ಓದುವುದಾದರೆ

ಎಂಟರಿಂದ ಹನ್ನೆರಡು ಮಂದಿ ಸಾಕು. ಹೆಚ್ಚಾದರೆ ಗುಂಪು ಶುಭೋದಯದ ಚಿತ್ರಗಳಲ್ಲಿ ಮುಳುಗುತ್ತದೆ. ಭಾನುವಾರ ರಾತ್ರಿ ಒಂಬತ್ತರೊಳಗೆ ಪ್ರತಿಯೊಬ್ಬರೂ ಒಂದೇ ಸಂದೇಶ ಹಾಕಬೇಕು: ಪುಸ್ತಕ, ಆ ವಾರದ ಪುಟ, ಹಿಡಿಸಿದ ಒಂದು ಸಾಲು. ಬೇರೆ ಏನೂ ಬೇಡ. ಯಾರು ಎಷ್ಟು ಮುಂದಿದ್ದಾರೆ ಎಂಬ ಪಟ್ಟಿ ಮಾಡಬೇಡಿ. ಕೊನೆಯಲ್ಲಿರುವ ಇಬ್ಬರು ಮಾರ್ಚಿನಲ್ಲಿ ಸದ್ದಿಲ್ಲದೆ ಹೊರಹೋಗುತ್ತಾರೆ, ಅವರನ್ನೇ ಉಳಿಸಿಕೊಳ್ಳಬೇಕಾದದ್ದು.

ತಿಂಗಳ ಭೇಟಿಗೆ ಎಲ್ಲರೂ ಒಂದೇ ಕಾದಂಬರಿ ಓದಬೇಕು ಎಂದಿಟ್ಟರೆ ಹತ್ತು ಪ್ರತಿ ಹೊಂದಿಸುವುದು ಇಲ್ಲಿ ಆಗದ ಮಾತು. ಬದಲಿಗೆ 10–15 ಪುಟದ ಒಂದು ಕಥೆ ಆರಿಸಿ, ಭೇಟಿಯಲ್ಲೇ ಒಬ್ಬರು ಗಟ್ಟಿಯಾಗಿ ಓದಲಿ. ಅರ್ಧ ಗಂಟೆ ಓದು, ಮುಕ್ಕಾಲು ಗಂಟೆ ಮಾತು, ಕಾಲು ಗಂಟೆ ಚಹಾ. ಬೊರಿವಲಿಯವರಿಗೂ ಮುಲುಂಡಿನವರಿಗೂ ದಾದರ್, ಮಾಟುಂಗಾ ನಡುವೆ ಬೀಳುತ್ತದೆ. ಆದರೆ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಯಾವ ಭಾನುವಾರ ಎಂದು ನೋಡಿಕೊಂಡು ದಿನ ಇಡಿ, ಇಲ್ಲವೇ ಶನಿವಾರ ಸಂಜೆ ಮಾಡಿ.

ಪ್ರತಿಯೊಬ್ಬರೂ ಓದಿ ಮುಗಿಸಿದ ಎರಡು ಪುಸ್ತಕ ತರಲಿ, ಬೇಕಾದವರು ಒಯ್ಯಲಿ. ಹತ್ತು ಮಂದಿ, ತಲೆಗೆ ಎರಡು, ತಿಂಗಳಿಗೆ 20 ಪುಸ್ತಕ ಕೈ ಬದಲಾದರೆ ದಾಸ್ತಾನಿನ ಚಿಂತೆಯೇ ಹೋಯಿತು. ಒಬ್ಬರ ಬಳಿ ಒಂದು ರಿಜಿಸ್ಟರ್ ಇರಬೇಕು: ಯಾರದು, ಯಾರಿಗೆ, ಯಾವ ದಿನ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಒಡೆಯರ ಹೆಸರು ಮತ್ತು ಅವರ ಸ್ಟೇಷನ್ ಬರೆಯಿರಿ, ‘ಶಾಂತಕ್ಕ, ಭಾಯಂದರ್’ ಎಂಬ ಹಾಗೆ. ಅಕ್ಕ ಒಬ್ಬರೇ ಇರುವುದಿಲ್ಲ ಈ ಊರಿನಲ್ಲಿ, ಸ್ಟೇಷನ್ ಇದ್ದರೆ ಪುಸ್ತಕ ಮನೆ ಸೇರುತ್ತದೆ. ಡಿಸೆಂಬರಿನ ಎರಡನೇ ಶನಿವಾರದ ಭೇಟಿಗೆ ಪಡೆದದ್ದೆಲ್ಲ ಹಿಂದೆ ಬರಲಿ, ರಿಜಿಸ್ಟರಿನಲ್ಲಿ ಗೀಟು ಹಾಕಿ, ಜನವರಿಗೆ ಬೇಕಾದ ಎರಡನ್ನು ಅಂದೇ ಆರಿಸಿಕೊಂಡು ಗಾಡಿ ಹತ್ತಿ.